ಗುಬ್ಬಿಯನ್ನು ನೋಡಲು ಬಂದವರು

"ನಾಲಿಗೇನ ಎಲ್ಲಾದ್ರೂ ಅಡ ಇಟ್ಟಿದೀಯೇನೇ? ಇನ್ನೊಂದ್ಸಲ ಹೇಳು."

ಗುಣಮಟ್ಟದ ಉಸ್ತುವಾರಿ ಹೊತ್ತ ಕ್ವಾಲಿಟಿ ಸಾಹೇಬ ಮಾನಸಿಕ ಆಸ್ಪತ್ರೆಯ ಹೆಂಗಸರ ವಾರ್ಡಿನ ನಟ್ಟನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಆಸ್ಪತ್ರೆಗೆ ಮಾನ್ಯತೆ ಕೊಡುವ ತಂಡ ನಾಳೆ ಬರುವುದಿತ್ತು. ಇವತ್ತು ಅವನೇ ಆ ತಂಡ. ಎದುರಿಗೆ ಮೊಮ್ಮಕ್ಕಳನ್ನು ಕಂಡ ಆಯಮ್ಮ, ನೆಲ ಒರೆಸುವ ಕೋಲು ಹಿಡಿದು, ಪಾಠ ಒಪ್ಪಿಸಲಾರದ ಹುಡುಗಿಯ ಹಾಗೆ ನಿಂತಿದ್ದಳು.

"ರೋಗಿ ಉದ್ವಿಗ್ನಗೊಂಡರೆ ಏನು ಮಾಡುತ್ತೀರಿ?" ತಂಡದವರ ಪಾತ್ರ ಮಾಡುವಾಗ ಮಾತ್ರ ಸಾಹೇಬನ ಬಾಯಿಗೆ ಮರ್ಯಾದೆ ಬರುತ್ತಿತ್ತು.

"ಮೊದಲು ಸಮಾಧಾನವಾಗಿ ಮಾತಾಡ್ತೀವಿ ಸಾರ್. ಆಮೇಲೆ..."

"ಆಮೇಲೆ?"

"ಕಟ್ತೀವಿ ಸಾರ್."

ನರ್ಸುಗಳು ಗೋಡೆಯ ಕಡೆ ತಿರುಗಿ ನಕ್ಕರು. ಸಾಹೇಬ ನಗಲಿಲ್ಲ. "ಮುಂಡೇದೆ, ನಿನ್ನ ಬಾಯಿಂದಾನೇ ಈ ಆಸ್ಪತ್ರೆಗೆ ಬೀಗ ಬೀಳುತ್ತೆ" ಎಂದ. ಕಟ್ಟುವುದು ಎಂಬ ಮಾತೇ ಈ ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ, ತಿಳೀತಾ ಎಂದು ಕೇಳಿದ. ಆಯಮ್ಮ ತಿಳೀತು ಎಂದಳು.

ವಾರ್ಡಿಗೆ ಮದುವೆಮನೆಯ ಕಳೆ ಬಂದಿತ್ತು. ಗೋಡೆಗೆ ತಿಳಿ ಹಸಿರು ಬಣ್ಣ ಬಳಿದಿದ್ದರು. ಯಾರಾದರೂ ನೇಣು ಹಾಕಿಕೊಂಡಾರು ಎಂದು ಗೂಟ, ಕೊಕ್ಕೆ, ಪರದೆಯ ದಾರ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿ ಎಲ್ಲವನ್ನೂ ಕಿತ್ತಿದ್ದರು. ರೋಗಿಗಳ ಹಕ್ಕುಗಳನ್ನು ಬರೆದ ಫಲಕವನ್ನು ರೋಗಿಗಳ ಕೈಗೂ ಕಣ್ಣಿಗೂ ಎಟುಕದಷ್ಟು ಎತ್ತರಕ್ಕೆ ತೂಗುಹಾಕಿದ್ದರು. ಆಯಾಗಳು ಕೂತು ಉಣ್ಣುತ್ತಿದ್ದ ಕೋಣೆ ಈಗ 'ಕುಟುಂಬ ಭೇಟಿ ಕೊಠಡಿ'. ಅಲ್ಲೊಂದು ಹೊಸ ಸೋಫಾ ಬಂದಿತ್ತು, ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಲಿಲ್ಲ. ಆಯಾಗಳ ಊಟ ಮೆಟ್ಟಿಲ ಕೆಳಗೆ, ನಿಂತುಕೊಂಡು.

ಕಟ್ಟುವ ಪಟ್ಟಿಗಳು ಆಯಮ್ಮನವೇ. ಆಸ್ಪತ್ರೆಯ ಚರ್ಮದ ಬೆಲ್ಟು ಮೈ ಕೊಯ್ಯುತ್ತದೆಂದು ಅವಳು ಮನೆಯ ಹಳೇ ಬಟ್ಟೆ ಹರಿದು, ಮಡಚಿ ಹೊಲಿದು ತರುತ್ತಿದ್ದಳು. ಬೆರಳು ತೂರುವಷ್ಟು ಸಡಿಲ ಬಿಟ್ಟು ಕಟ್ಟುವಳು. ಮನೆಯ ಬಟ್ಟೆಯೆಲ್ಲ ಆಸ್ಪತ್ರೆ ಸೇರಿತು, ಇನ್ನು ನೀನೊಬ್ಬಳು ಅಡ್ಮಿಟ್ ಆಗೋದು ಬಾಕಿ ಎಂದು ಮಗಳು ಹಂಗಿಸುತ್ತಿದ್ದಳು. ಜೊತೆಯ ಆಯಾಗಳು ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೆ ವಾರ್ಡಿಗೆಲ್ಲ ಅವಳೊಬ್ಬಳೇ. ಇನ್ನೊಂದು ಜನ ಕೊಡಿ ಎಂದು ಕೇಳಿದಾಗ, ದೇವರು ನಿನಗೆ ಎರಡು ಕೈ ಕೊಟ್ಟಿಲ್ವಾ ಎಂದಿದ್ದ ಸಾಹೇಬ. ಕಟ್ಟದಿದ್ದರೆ ವಾರ್ಡಿನಲ್ಲಿದ್ದ ಗುಬ್ಬಿ ಎಂಬ ಹುಡುಗಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರೆ ಚಚ್ಚಿಕೊಳ್ಳುತ್ತಿರಲಿಲ್ಲ. ಆದರೆ ಕೂತವಳ ಕೆಲಸ ಯಾರು ಮಾಡಬೇಕು?

ಹೋದ ವಾರ ತಪಾಸಣೆಯ ತಯಾರಿಗೆಂದು ಆಯಮ್ಮನನ್ನು ಮುಂದಿನ ಕಟ್ಟಡದ ಮೆಟ್ಟಿಲು ಉಜ್ಜಲು ಎಳೆದೊಯ್ದರು. ಆ ದಿನವೆಲ್ಲ ಸಾಹೇಬನ ಅಪ್ಪಣೆಯಂತೆ ಗುಬ್ಬಿಗೆ ಬೆಲ್ಟು. ಸಂಜೆ ಬಂದು ಬಿಚ್ಚಿದರೆ ಎರಡೂ ಮಣಿಕಟ್ಟು ಸುಲಿದಿದ್ದವು.

ಮೆಟ್ಟಿಲು ಮಾತ್ರ ಫಳಫಳ ಹೊಳೆಯುತ್ತಿತ್ತು.

ಆ ಗಾಯ ತಂಡದ ಕಣ್ಣಿಗೆ ಬೀಳದಂತೆ ಸಾಹೇಬ ದಾರಿ ಕಂಡುಹಿಡಿದಿದ್ದ. ತಂಡ ಹೋಗುವ ತನಕ ಗುಬ್ಬಿ ಹಿತ್ತಲ ವ್ಯಾನಿನಲ್ಲಿ ಇರಬೇಕು, ಬಾಯಿ ಸರಿಯಿಲ್ಲದ ಆಯಮ್ಮನೂ ಅಲ್ಲೇ. ಪಟ್ಟಿಗಳನ್ನು ಸುಡಬೇಕು.

"ಸುಡದೆ ಇಟ್ಕೊಂಡು, ಅವರ ಕಣ್ಣಿಗೆ ಬಿದ್ರೆ, ಆಯಾ ಅವಳ ಮನೆಯಿಂದ ತಂದು ಕಟ್ತಾಳೆ, ನಮಗೇನೂ ಗೊತ್ತಿಲ್ಲ ಅಂತೀನಿ. ಸುಳ್ಳಲ್ವಲ್ಲ? ನಾಳೆಯಿಂದ ನೀನು ಮನೇಲಿ ಮೊಮ್ಮಕ್ಕಳನ್ನ ಕಟ್ಕೊಂಡಿರು."

ಸುಳ್ಳೇನೂ ಅಲ್ಲ. ಆಯಮ್ಮನಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಬರಲಿಕ್ಕೂ ಮೈಯಲ್ಲಿ ಕಸುವು ಬೇಕು. ಅವಳು ಪಟ್ಟಿಗಳನ್ನು ಸುಡಲು ತೆಗೆದುಕೊಂಡವಳು ಕೈ ಬಾರದೆ, ಎಂದಿನಂತೆ ಒಗೆದಳು. ಒಣಹಾಕಲು ಹಿತ್ತಲಿಗೆ ಹೋದರೆ ತಂತಿಯಿಲ್ಲ. ನೀರಿಳಿಯುತ್ತಿದ್ದಂತೆಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದಳು.

ಮರುದಿನ ವ್ಯಾನಿನ ಕಿಟಕಿಗಳಿಗೆ ಪೇಪರ್ ಅಂಟಿಸಿದ್ದರು. ಡ್ರೈವರ್ ಸ್ಟಿಯರಿಂಗ್ ಮೇಲೆ ಕಾಲು ಚಾಚಿ ತೂಕಡಿಸುತ್ತಿದ್ದ. ಗುಬ್ಬಿ ಎರಡೂ ಕೈ ಮುಂದಕ್ಕೆ ಚಾಚಿದಳು.

"ಚಿಕ್ಕಮ್ಮ, ಕಟ್ಟಲ್ವಾ?"

ಆಯಮ್ಮನನ್ನು ಅವಳು ಮೊದಲ ದಿನದಿಂದಲೂ ಹಾಗೇ ಕರೆಯುತ್ತಿದ್ದಳು.

"ಇವತ್ತು ಕಟ್ಟಬಾರದಂತೆ ಕಣೇ. ಯಾರೋ ನೋಡೋಕೆ ಬಂದಿದಾರೆ."

"ನನ್ನನ್ನಾ?"

ಆಯಮ್ಮ ಚೀಲದ ಬಾಯಿ ಬಿಚ್ಚಿ ಮತ್ತೆ ಮುಚ್ಚಿದಳು. ಗುಬ್ಬಿಯನ್ನು ಇಲ್ಲಿ ಸೇರಿಸಿಹೋದ ಅಣ್ಣ ಒಂದು ಸಲವೂ ತಿರುಗಿ ನೋಡಿರಲಿಲ್ಲ.

"ನನ್ನನ್ನ ನೋಡೋಕೆ ಬಂದಿದ್ರೆ ನಾವ್ಯಾಕೆ ಇಲ್ಲಿ ಕೂತಿದೀವಿ, ಚಿಕ್ಕಮ್ಮ? ಅವರಿಗೆ ಹೆಂಗೆ ಗೊತ್ತಾಗುತ್ತೆ?"

ಸಾಹೇಬ ಬಾಯಿಪಾಠ ಮಾಡಿಸಿದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ. ಆಯಮ್ಮ ಮಂಡಿ ಹಿಡಿದುಕೊಂಡು ಎದ್ದು, ಗುಬ್ಬಿಯನ್ನು ಕೈ ಹಿಡಿದು ಇಳಿಸಿದಳು.

"ಎಲ್ಲಿಗಮ್ಮೋ?" ಡ್ರೈವರ್ ಒಂದು ಕಣ್ಣು ತೆರೆದ.

"ಬಟ್ಟೆ ಒಣಗ್ಹಾಕೋಕೆ."

"ಬೇಗ ಬಾ. ಆ ಬೋಳಿಮಗ ನೋಡಿದ್ರೆ ನನ್ನ ಚರ್ಮ ಸುಲೀತಾನೆ."

ಕುಟುಂಬ ಭೇಟಿ ಕೊಠಡಿಯಲ್ಲಿ ಯಾರೂ ಇರಲಿಲ್ಲ. ಗುಬ್ಬಿ ಸೋಫಾದ ಅಂಚಿಗೆ ಕೂತು, ತಲೆಗೂದಲು ನೀವಿಕೊಂಡು, ನೆಂಟರ ಮನೆಗೆ ಬಂದವಳ ಹಾಗೆ ಮಂಡಿ ಜೋಡಿಸಿದಳು. ಆಯಮ್ಮ ಪಟ್ಟಿಗಳನ್ನು ಒಂದೊಂದಾಗಿ ಕೊಡವಿ, ಸುಕ್ಕು ಎಳೆದು, ಸೋಫಾದ ಬೆನ್ನಿನುದ್ದಕ್ಕೂ ಹರವಿದಳು. ಕೊನೆಯದನ್ನು ಹರವುವಾಗ ಬಾಗಿಲಲ್ಲಿ ಬೂಟುಗಳ ಸದ್ದಾಯಿತು. ತಂಡದ ಹಿರಿಯ ಹೆಂಗಸು ಹೊಸ್ತಿಲಲ್ಲೇ ನಿಂತು, ಇವೆಲ್ಲ ಏನು ಎಂದು ಮೆಲ್ಲಗೆ ಕೇಳಿದಳು.

ಸಾಹೇಬ ಮುಂದೆ ಬಂದ. ಅಂದುಕೊಂಡಂತೆಯೇ, ಆಯಾ ಮನೆಯಿಂದ ತಂದು ತನ್ನಷ್ಟಕ್ಕೆ ತಾನೇ ಕಟ್ಟುತ್ತಾಳೆ, ಆಡಳಿತದ ಗಮನಕ್ಕೆ ಬಂದಿರಲಿಲ್ಲ, ಇವತ್ತೇ ಕ್ರಮ ಕೈಗೊಳ್ಳುತ್ತೇವೆ ಎಂದ.

"ಹೌದಮ್ಮ, ನಮ್ಮನೇವೇ," ಎಂದಳು ಆಯಮ್ಮ. "ಇದು ಮಗಳ ಲಂಗ. ಇದು ನಮ್ಮೆಜಮಾನರ ಅಂಗಿ, ಅವರೀಗಿಲ್ಲ. ಕಟ್ಟಿದ್ದೂ ನಾನೇ. ಆಸ್ಪತ್ರೆಯೋರು ಕೊಟ್ಟಿದ್ದು ಅವಳ ಕೈಮೇಲಿದೆ. ಗುಬ್ಬಿ, ತೋರಿಸೇ."

ಗುಬ್ಬಿ ತೋಳು ಮೇಲೆತ್ತಿ ಎರಡೂ ಮಣಿಕಟ್ಟು ಮುಂದೆ ಹಿಡಿದಳು. ಆ ಹೆಂಗಸಿನ ಪೆನ್ನು ಅರ್ಧಕ್ಕೆ ನಿಂತಿತು. ಸಾಹೇಬ ಮುಂದಿನ ಕೋಣೆಯಲ್ಲಿ ಟೀ ಆರಿಹೋಗುತ್ತಿದೆ ಎಂದ. ಯಾರೂ ಅಲ್ಲಾಡಲಿಲ್ಲ.

ಪಟ್ಟಿಗಳಿಂದ ನೀರು ತೊಟ್ಟಿಕ್ಕಿ ಹೊಸ ನೆಲದ ಮೇಲೆ ಹರಿಯತೊಡಗಿತ್ತು. ಇದನ್ನೂ ತಾನೇ ಒರೆಸಬೇಕು ಎಂದು ಆಯಮ್ಮನ ಮನಸ್ಸಿಗೆ ಮೊದಲು ಬಂತು. ಆಮೇಲೆ, ಇನ್ನು ಇಲ್ಲಿ ತನಗೆ ಕೆಲಸವಿಲ್ಲ ಎಂದು ನೆನಪಾಯಿತು.

"ನನ್ನನ್ನ ನೋಡೋಕೆ ಬಂದ್ರಾ?" ಗುಬ್ಬಿ ಕೇಳಿದಳು. ಕೇಳಿ, ಪ್ಲಾಸ್ಟಿಕ್ಕನ್ನು ಕಿರುಗುಟ್ಟಿಸುತ್ತ ಪಕ್ಕಕ್ಕೆ ಸರಿದು, ಕೂತುಕೊಳ್ಳಿ ಎನ್ನುವಂತೆ ಸೋಫಾ ತಟ್ಟಿದಳು.

ಯಾರೂ ಕೂರಲಿಲ್ಲ. ಅವಳು ಇನ್ನೂ ಸ್ವಲ್ಪ ಸರಿದಳು.