ಬಲಗೈ ಗವಸಿನ ಹೊಲಿಗೆ

ಎಲ್ಲಿಂದ ಶುರುಮಾಡಲಿ? ತಂತಿಯಿಂದಲೋ, ಸೂಜಿಯಿಂದಲೋ? (ಒಲೆಯ ಮೇಲೆ ಹಾಲಿದೆ. ಅದು ಉಕ್ಕುವುದರೊಳಗೆ ಒಂದು ಪ್ಯಾರಾ ಆಗಬೇಕು.)

1. ಒಬ್ಬ ಲೈನ್‌ಮನ್. ಕರೆಂಟು ಹರಿಯುತ್ತಿರುವ ತಂತಿಯನ್ನೇ ಹಿಡಿದು ರಿಪೇರಿ ಮಾಡುವವನು. ಅವನ ಅಂಗಿ, ಟೊಪ್ಪಿ, ಗವಸು ಎಲ್ಲವೂ ಲೋಹದ ಎಳೆಯಲ್ಲಿ ನೇಯ್ದವು. ತಂತಿಗೆಷ್ಟು ವಿಭವವೋ, ಅಂದರೆ ವೋಲ್ಟೇಜೋ, ಅಂಗಿಗೂ ಅಷ್ಟೇ, ಒಳಗಿನ ಮೈಗೂ ಅಷ್ಟೇ. ಏರುಪೇರಿಲ್ಲದ ಕಡೆ ಕರೆಂಟು ಹರಿಯುವುದಿಲ್ಲ. ಲಕ್ಷಗಟ್ಟಲೆ ವೋಲ್ಟಿನ ನಡುವೆ ಅವನು ತೊಟ್ಟಿಲ ಕೂಸು.

(ಪಾಠ ಮಾಡಿದ ಹಾಗಾಯಿತು. ಹೊಡೆದುಹಾಕಲೇ? ಬೇಡ, ಇರಲಿ. ಆಗ ನನಗೂ ಇದನ್ನು ಯಾರಾದರೂ ಪಾಠ ಮಾಡಬೇಕಿತ್ತು.)

2. ಅವನ ಹೆಂಡತಿ. ಬಲಗೈ ಗವಸು ತೋಳಿಗೆ ಸೇರುವಲ್ಲಿ ಹೊಲಿಗೆ ಬಿಟ್ಟಿತ್ತು. ಅವಳು ಒತ್ತೊತ್ತಾಗಿ, ಅಂದವಾಗಿ ಹೊಲಿದಳು. ಹತ್ತಿ ನೂಲಿನಲ್ಲಿ. ಮಣಿಕಟ್ಟಿಗೆ ಚುಚ್ಚಬಾರದೆಂದು ನಡುವೆ ಮೆತ್ತನೆಯ ಬಟ್ಟೆಯ ಪಟ್ಟಿಯನ್ನೂ ಕೂಡಿಸಿದಳು. ಲೋಹಕ್ಕೂ ಲೋಹಕ್ಕೂ ನಂಟು ತಪ್ಪಿತು. ಗವಸಿನಿಂದ ಅಂಗಿಗೆ ದಾಟಲು ಕರೆಂಟಿಗೆ ಉಳಿದ ದಾರಿ ಅವನ ಮಣಿಕಟ್ಟೊಂದೇ.

ಮೇಲೇರುವ ಮುನ್ನ ಉಡುಪಿಗೆ ಮೀಟರು ಹಿಡಿದು ನೋಡಬೇಕು. ಜೊತೆಯವರು ನೆನಪಿಸಿದರೆ ಅವನು ನಕ್ಕನಂತೆ. "ನಮ್ಮನೆಯವಳು ಹೊಲಿದಿದ್ದು ಕಣಯ್ಯ. ಅದಕ್ಕೂ ಟೆಸ್ಟಾ?"

3. ಮುಕ್ತಾಯ, ಮೊದಲನೆಯದು: ಮೀಟರು ಹಿಡಿದ, ಸಿಟ್ಟಾದ, ಮನೆಗೆ ಬಂದು ಬೈದ, ಅವಳು ಮುಖ ಊದಿಸಿಕೊಂಡಳು. ಕಥೆಯೊಳಗಿನ ಹೆಂಡತಿ ಒಪ್ಪಲಿಲ್ಲ. ಅವರು ಒಂದು ದಿನವೂ ಬೈದವರಲ್ಲ, ಸುಳ್ಳು ಬರೆಯಬೇಡ ಎಂದಳು.

ಎರಡನೆಯದು: ಕಿಡಿ ಹಾರಿತು, ಬಿದ್ದ, ಬರೀ ಕಾಲು ಮುರಿಯಿತು. ಇದನ್ನು ಅವನೇ ಒಪ್ಪಲಿಲ್ಲ. "ಅಷ್ಟೆತ್ತರದಿಂದ ಬರೀ ಕಾಲಾ? ಬೇಗ ಏನಾದ್ರೂ ಬರಿಯೇ, ಚಾಚಿದ ಕೈ ನೋಯ್ತಿದೆ."

(ಹಾಲು ಉಕ್ಕಿತು. ಒಲೆ ಒರೆಸಿ ಬಂದೆ.)

4. ಅಷ್ಟರಲ್ಲಿ ಮಗಳು ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. ನಾಳೆ ಫಿಸಿಕ್ಸ್ ಪರೀಕ್ಷೆ.

"ಅಮ್ಮಾ, ವಾಹಕದ ಒಳಗೆ ಎಲ್ಲಾ ಕಡೆ ಒಂದೇ ವಿಭವ ಅಂತಿದೆ. ಹಾಗಿದ್ರೆ ಅಪ್ಪಂಗೆ ಏನೂ ಆಗ್ಬಾರ್ದಿತ್ತು, ಅಲ್ವಾ?"

ಓದುಗರೇ, ಹೆಂಡತಿ ಯಾರೆಂದು ಇನ್ನು ಮುಚ್ಚಿಡಲಾರೆ. ಮಗಳು ಜಾಣೆ. ಇವತ್ತಲ್ಲ ನಾಳೆ ಆ ಹೊಲಿಗೆಯವರೆಗೆ ಬಂದೇ ಬರುತ್ತಾಳೆ. ಅದಕ್ಕೆ ಮೊದಲು ನಾನೇ ಹೇಳಿಬಿಡೋಣವೆಂದು ಈ ಕಥೆ. ಬಾಯಿ ತೆರೆದೆ.

"ಹೂಂ ಪುಟ್ಟಿ. ಹಾಗೇ ಬರಿ, ಪೂರ್ತಿ ಮಾರ್ಕ್ಸ್ ಕೊಡ್ತಾರೆ."

ಅವಳು ಹೋದಳು. ಈ ಕಥೆಯ ಹಾಳೆಯನ್ನು ಮಡಚಿ ಸೂಜಿದಾರದ ಡಬ್ಬಿಯಲ್ಲಿಟ್ಟಿದ್ದೇನೆ. ಅದರಲ್ಲಿ ಅವನಿನ್ನೂ ಮೇಲೆಯೇ ಇದ್ದಾನೆ. ಬೆರಳಿಗೂ ತಂತಿಗೂ ಒಂದು ಗೇಣು. ಆ ಗೇಣನ್ನು ನಾನು ಬರೆಯುವುದಿಲ್ಲ.