ಮಾವನವರ ಗಡಿಯಾರಕ್ಕೆ ನೀರು ಹೋದದ್ದು ಹೇಗೆ?

ಹೊಲಿಗೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳ ಮಾವನವರು ಮೂವತ್ತು ವರ್ಷ ಕಾರ್ಖಾನೆಯ ಬಾಯ್ಲರ್ ನೋಡಿಕೊಂಡವರು. ಒಮ್ಮೆ ಅದು ಸಿಡಿಯುವುದರಲ್ಲಿದ್ದಾಗ ಎಲ್ಲರೂ ಹೊರಗೆ ಓಡಿದರೆ, ಇವರು ಒಳಗೆ ನುಗ್ಗಿ ವಾಲ್ವ್ ತಿರುಗಿಸಿದ್ದರು. ಅದಕ್ಕೇ ಮಾಲೀಕರು ತಮ್ಮ ಕೈಯಿಂದ ಬಿಚ್ಚಿ ಇವರ ಕೈಗೆ ಕಟ್ಟಿದ್ದು ಆ ದುಬಾರಿ ವಿದೇಶಿ ಗಡಿಯಾರ. ಯಾರಾದರೂ ಗಂಟೆ ಕೇಳಿದರೆ ಸಾಕು, ತೋಳು ಮಡಚಿ ಠೀವಿಯಿಂದ ಹೇಳುತ್ತಿದ್ದರು.

ಪೇಟೆಯ ದೊಡ್ಡ ಅಂಗಡಿಯಲ್ಲಿ ಅದನ್ನು ಸರ್ವಿಸ್ ಮಾಡಿಸಿ ಹದಿನೈದು ದಿನವಾಗಿರಲಿಲ್ಲ, ಗಾಜಿನೊಳಗೆ ಮಂಜು ಕವಿಯಿತು. ಮುಳ್ಳುಗಳು ನಿಂತವು. ಸೊಸೆ ಹೊಲಿಗೆ ಕೆಲಸ ಬಿಟ್ಟು ಮಾವನವರನ್ನು ಅದೇ ಅಂಗಡಿಗೆ ಕರೆದುಕೊಂಡು ಹೋದಳು.

ಕೌಂಟರಿನವನು ಗಡಿಯಾರವನ್ನು ತಿರುಗಿಸಿಯೂ ನೋಡಲಿಲ್ಲ. “ಅಜ್ಜ ಎಲ್ಲೋ ಬಕೆಟ್ಟಿಗೆ ಬೀಳಿಸಿರ್ತಾರೆ. ವಯಸ್ಸಾಯ್ತಲ್ಲ, ಮರೆತಿರ್ತಾರೆ” ಎಂದ.

ಆ ಮಾತು ಮಾವನವರಿಗೆ ನಾಟಿತು. ಮನೆಗೆ ಬಂದವರು ಬಚ್ಚಲ ಬಾಗಿಲಲ್ಲಿ ನಿಂತು, “ನಾನೇ ಬೀಳಿಸಿದ್ನೇನಮ್ಮ? ನೆನಪೇ ಇಲ್ವಲ್ಲ” ಎಂದರು. ಒಲೆ ಆರಿಸಿದೆನೋ, ಚಿಲಕ ಹಾಕಿದೆನೋ ಎಂದು ಎರಡೆರಡು ಸಲ ನೋಡಿ ಬರತೊಡಗಿದರು. ಬಾಯ್ಲರಿಗೆ ಹೆದರದ ಮನುಷ್ಯ ತಮ್ಮ ನೆನಪಿಗೆ ಹೆದರುವುದನ್ನು ಕಂಡು ಸೊಸೆ ಎದುರುಮನೆಯ ಅಕ್ಕನ ಬಳಿ ಹೋಗಿ ಎಲ್ಲ ಹೇಳಿಕೊಂಡಳು.

ಕಾಗದದಕ್ಕ ಎಂದೇ ಎಲ್ಲರೂ ಕರೆಯುವ ಆ ಅಕ್ಕ ಕೆಲಸ ಮಾಡುತ್ತಿದ್ದುದು ಗ್ರಾಹಕರ ನೆರವು ಕೇಂದ್ರದಲ್ಲಿ. ಬಸ್ ಟಿಕೆಟನ್ನೂ ಎಸೆಯದವಳು ಎಂದು ಆ ಹೆಸರು.

“ಬಿಲ್ ಇದ್ಯಾ?” ಎಂದು ಕೇಳಿದಳು.

“ಇದೆ. ಆದ್ರೆ ಬಿಡಕ್ಕ, ಅಷ್ಟು ದೊಡ್ಡ ಅಂಗಡಿಯವರು ನಮ್ಮಂಥೋರ ಮಾತು ಕೇಳ್ತಾರಾ?” ಎಂದಳು ಸೊಸೆ.

“ಬಾಯಲ್ಲಿ ಹೇಳಿದ್ರೆ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾರೆ. ಬರೆದು ಕೊಡೋಣ. ಇಲ್ಲಿ ನೋಡು.” ಸೊಸೆ ಕೊಟ್ಟ ಬಿಲ್ಲಿನ ಕೆಳಗೆ ಹೀಗಿತ್ತು: ‘ನೀರು ತಡೆಯುವ ರಬ್ಬರ್ ಉಂಗುರ ಬದಲಿಸಿದೆ. ಆರು ತಿಂಗಳ ಗ್ಯಾರಂಟಿ.’

“ಹೊಸ ಉಂಗುರ ಹಾಕಿದ್ರೆ, ಬಕೆಟ್ಟಿಗೆ ಬಿದ್ರೂ ನೀರು ಹೋಗಬಾರದು ತಾನೇ?”

ಸೊಸೆಯ ಕಣ್ಣರಳಿತು. “ಹಾಗಾದ್ರೆ ಬೇರೆ ರಿಪೇರಿಯವನ ಹತ್ರ ಬಿಚ್ಚಿಸಿ ನೋಡ್ಲಾ?”

“ಅಯ್ಯಯ್ಯೋ, ಮುಟ್ಟಿಸ್ಬೇಡ! ಆಮೇಲೆ ಅವನೇ ಕೆಡಿಸಿದ ಅಂತಾರೆ. ಮೊದಲು ಫೋಟೋ ತೆಗಿ.”

ಇಬ್ಬರೂ ಕೂತು ದೂರು ಬರೆದರು. ಗಡಿಯಾರವನ್ನು ನಮ್ಮೆದುರೇ ಬಿಚ್ಚಿ ತೋರಿಸಬೇಕು ಎಂದೂ ಸೇರಿಸಿದರು. ಒಂದು ಪ್ರತಿ ಅಂಗಡಿಗೆ. ಇನ್ನೊಂದರ ಮೇಲೆ ಅಂಗಡಿಯ ಮುದ್ರೆ, ತಾರೀಖು ಹಾಕಿಸಿಕೊಂಡು ಸೊಸೆ ಜೋಪಾನವಾಗಿ ಎತ್ತಿಟ್ಟಳು.

ವಾರದೊಳಗೆ ಕರೆ ಬಂತು. ಅಂಗಡಿಯ ಹಿರಿಯ ರಿಪೇರಿಗಾರರು ಮಾವನವರು, ಸೊಸೆ, ಕಾಗದದಕ್ಕ ಮೂವರೆದುರು ಗಡಿಯಾರ ಬಿಚ್ಚಿದರು. ಚಿಮಟದಲ್ಲಿ ಉಂಗುರ ಎತ್ತಿದರೆ, ಒಣಗಿ ಬಿರುಕು ಬಿಟ್ಟಿತ್ತು.

“ಇದು ಹಳೇದು. ಬದಲಾಯಿಸೇ ಇಲ್ಲ. ತಪ್ಪು ನಮ್ದೇ, ಯಜಮಾನ್ರೆ.”

ಕೌಂಟರಿನವನು ನೆಲ ನೋಡಿದ.

“ಹಾಗಾದ್ರೆ ನನ್ನ ತಲೆ ನೆಟ್ಟಗಿದೆ ಅನ್ನಿ!” ಎಂದರು ಮಾವನವರು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. ಸೊಸೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂಗಡಿಯವರು ಒಳಗಿನ ತುಕ್ಕು ತೆಗೆದು, ಹೊಸ ಉಂಗುರ ಹಾಕಿ, ಅವರೆದುರೇ ನೀರಿನಲ್ಲಿಟ್ಟು ಪರೀಕ್ಷಿಸಿ ಕೊಟ್ಟರು. ಒಂದು ಕಾಸೂ ಕೇಳಲಿಲ್ಲ.

ಓದುಗರೇ, ಗಡಿಯಾರವಾಗಲಿ, ಮಿಕ್ಸಿಯಾಗಲಿ, ರಿಪೇರಿಗೆ ಕೊಡುವಾಗ ಏನು ಮಾಡುತ್ತಾರೆಂದು ಬರೆಸಿಕೊಳ್ಳಿ. ಕೆಲಸ ಕೆಟ್ಟರೆ ಫೋಟೋ ತೆಗೆದು ಲಿಖಿತ ದೂರು ಕೊಡಿ. ಅದಕ್ಕೂ ಜಗ್ಗದಿದ್ದರೆ ಗ್ರಾಹಕರ ನೆರವು ಕೇಂದ್ರದ ಬಾಗಿಲು ತಟ್ಟಿ. ಎದುರಿನವರು ದಬಾಯಿಸಿದ ಮಾತ್ರಕ್ಕೆ, ನೀವು ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಬರಬೇಡಿ.