ಪಕೀರಪ್ಪನ ಅನುಮಾನ

ಮಸ್ಕಿಯ ಪಕೀರಪ್ಪ, ಯಾರಾದರೂ ನಕ್ಕು ಮಾತಾಡಿಸಿದರೆ, ಮೊದಲು ಅವರ ಕೈ ನೋಡುತ್ತಿದ್ದ. ಅಂಗಡಿಯವನು ಕೊಟ್ಟ ಬೆಂಕಿಪೊಟ್ಟಣವನ್ನು ಕಿವಿಯ ಬಳಿ ಅಲುಗಿಸಿ ಸದ್ದು ಆಲಿಸುವುದು, ಹೋಟೆಲಿನಲ್ಲಿ ಗೋಡೆಗೆ ಬೆನ್ನುಕೊಟ್ಟು ಬಾಗಿಲಿಗೆ ಮುಖಮಾಡಿಯೇ ಕೂರುವುದು, ತನ್ನದೇ ಕಾರನ್ನು ಹತ್ತುವ ಮುನ್ನ ಪ್ರದಕ್ಷಿಣೆ ಹಾಕಿ ಅದರ ಹೊಟ್ಟೆಯಡಿ ಇಣುಕುವುದು ಅವನ ನಿತ್ಯವಿಧಿಗಳಾಗಿದ್ದವು. ಬೇಸಿಗೆಯಲ್ಲೂ ಬಿಚ್ಚದ ಖಾಕಿ ಕೋಟು. ಒಂದು ಭುಜ ಮುಂದುಮಾಡಿ ಸಂದಿಯಲ್ಲಿ ನುಸುಳುವವನಂತೆ ಓರೆಯಾಗಿ ಸಾಗುವ ನಡಿಗೆ. ಯಾರು ಯಾರನ್ನು "ಅವ ಇರಲಿಕ್ಕಿಲ್ಲ" ಎಂದು ಸಮರ್ಥಿಸಲಿ, "ಯಾಕ ಇರಬಾರದು?" ಎಂಬುದೊಂದೇ ಅವನ ಪ್ರಶ್ನೆ.

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಅವನ ಕರಿ ಬಣ್ಣದ ಹಳೆಯ ಕಾರು ಸಿಂಧನೂರು, ಲಿಂಗಸುಗೂರುಗಳ ನಡುವೆ ಬಾಡಿಗೆಗೆ ಓಡುತ್ತಿತ್ತು. ಒಂದು ಚಳಿಗಾಲ ಅದಕ್ಕೊಂದು ವಿಚಿತ್ರ ವ್ಯಾಧಿ ತಗುಲಿತು. ಸಂಜೆ ಸರಿಯಾಗಿಯೇ ಬಂದು ನಿಂತ ಗಾಡಿ ಬೆಳಗ್ಗೆ ಚಾವಿ ತಿರುವಿದರೆ ಉಸಿರೆತ್ತುತ್ತಿರಲಿಲ್ಲ. ಬ್ಯಾಟರಿ ರಾತ್ರಿಯೊಳಗೆ ಬರಿದಾಗಿರುತ್ತಿತ್ತು.

ಪಕೀರಪ್ಪನ ಸಂಶಯ ಮೊದಲು ಬ್ಯಾಟರಿಯನ್ನು ಮಾರಿದ ಸಿಂಧನೂರಿನ ಮಹಮ್ಮದಸಾಬನ ಮೇಲೆ ಹೋಯಿತು. ಹಳೆಯದಕ್ಕೆ ಬಣ್ಣ ಬಳಿದು ಕೊಟ್ಟಿದ್ದಾನೆಂದು ಅವನ ಅಂಗಡಿಯ ಮುಂದೆ ಹೋಗಿ ನಿಂತ. ಮಹಮ್ಮದಸಾಬ ಮರುಮಾತಾಡದೆ ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿ, ಒಂದು ರಾತ್ರಿ ಇಲ್ಲೇ ಬಿಟ್ಟು ಹೋಗು ಎಂದ. ಬದಲಾಯಿಸಿಬಿಟ್ಟಾನೆಂದು ಪಕೀರಪ್ಪ ಅದರ ತಳದಲ್ಲಿ ಮೊಳೆಯಿಂದ ಗುಟ್ಟಾಗಿ ಗೀರು ಎಳೆದಿಟ್ಟು ಬಂದ. ಮರುದಿನ ಗೀರೂ ಇತ್ತು, ಚಾರ್ಜೂ ಕುಂದಿರಲಿಲ್ಲ.

ಹಾಗಾದರೆ ಮನೆಯಲ್ಲೇ ಯಾರೋ ಕೈಯಾಡಿಸುತ್ತಿರಬೇಕು. ಹೆಂಡತಿ ಬಸ್ಸಮ್ಮನ ತಮ್ಮ ಗದ್ದೆಪ್ಪ ಪಾಮನಕಲ್ಲೂರಿನಿಂದ ಬಂದು, ಹತ್ತಿ ಮಿಲ್ಲಿನಲ್ಲಿ ಕೆಲಸ ಹಿಡಿದು, ಇವರ ಅಂಗಳದಲ್ಲೇ ಹೊರಸು ಹಾಕಿಕೊಂಡು ಮಲಗುತ್ತಿದ್ದ. ಬಯಲಾಟದ ಕ್ಯಾಸೆಟ್ಟುಗಳೆಂದರೆ ಅವನಿಗೆ ಪ್ರಾಣ. ಎಲ್ಲರೂ ಮಲಗಿದ ಮೇಲೆ ಕಾರಿನ ಟೇಪು ಹಚ್ಚುತ್ತಾನೆಂದು ಪಕೀರಪ್ಪ ನಿಶ್ಚಯಿಸಿದ. ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ಟೇಪಿನ ವೈರು ಕಿತ್ತು, ಬಾಗಿಲಿಗೆ ಸರಪಳಿ ಬಿಗಿದು, ಚಾವಿಯನ್ನು ಗದ್ದೆಪ್ಪನ ಕಣ್ಣೆದುರೇ ಉಡಿದಾರಕ್ಕೆ ಕಟ್ಟಿಕೊಂಡ. ಗದ್ದೆಪ್ಪ ಅದನ್ನು ನೋಡಿದ. ಮರುದಿನ ಹೊರಸಿನ ಮೇಲೆ ಕೌದಿ ಮಡಿಚಿಟ್ಟು, ಅಕ್ಕನಿಗೂ ಹೇಳದೆ, ಊರಿನ ಬಸ್ಸು ಹತ್ತಿದ.

ಅವನು ಹೋದ ಮೇಲೂ ಪಕೀರಪ್ಪ ಹಟ ಬಿಡಲಿಲ್ಲ. ಬೆಳಗ್ಗೆ ಗಾಡಿ ಸತ್ತಂತೆ ಬಿದ್ದಿದ್ದರೂ, ಹುಡುಗ ಹೋಗುವ ಮುಂಚೆ ಏನೋ ಮಾಡಿಯೇ ಹೋಗಿದ್ದಾನೆ ಎನ್ನುತ್ತಿದ್ದ. ಅಷ್ಟರಲ್ಲಿ ಒಂದು ಮುಂಜಾನೆ ನೆರೆಮನೆಯ ದರ್ಜಿ ದಸ್ತಗೀರ್‌ಸಾಬ್ ಓಡಿ ಬಂದ. ಮಗಳು ಶಂಶಾದ್‌ಬೀಗೆ ಹೆರಿಗೆ ಕಷ್ಟವಾಗಿತ್ತು. ಲಿಂಗಸುಗೂರಿನ ದವಾಖಾನೆಗೆ ಒಯ್ಯಲೇಬೇಕಾಗಿತ್ತು. ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿದ ಮೇಲೆ ಚಾವಿ ತಿರುವಿದರೆ ಟಕ್ಕೆಂಬ ಒಂದು ಸದ್ದು, ಅಷ್ಟೆ. ಓಣಿಯ ಗಂಡಸರೆಲ್ಲ ಸೇರಿ ನೂಕಿದರು. ದಸ್ತಗೀರ್‌ಸಾಬ್ ಜಾರಿ ಬಿದ್ದು ಮೊಣಕಾಲು ಹರಿದುಕೊಂಡ. ಎದ್ದು ಮತ್ತೆ ನೂಕಿದ. ಗಾಡಿ ಹಳ್ಳದ ಇಳಿಜಾರಿನಲ್ಲಿ ಹೇಗೋ ಚಾಲೂ ಆಯಿತು.

ತಾಯಿ, ಮಗು ಇಬ್ಬರೂ ಉಳಿದರು. ಆದರೆ ದವಾಖಾನೆಯ ಕಟ್ಟೆಯ ಮೇಲೆ, ರಕ್ತ ಒರೆಸಿಕೊಳ್ಳುತ್ತ ದಸ್ತಗೀರ್‌ಸಾಬ್ ಮೆಲ್ಲಗೆ ಅಂದ:

"ನಿನ್ನ ಗಾಡಿ ನಂಬಿ ಕುಂತಿದ್ವಿ, ಪಕೀರಪ್ಪ."

ಮನೆಗೆ ಬಂದರೆ ಬಸ್ಸಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ನನ್ನ ತಮ್ಮ ಹೋಗಿ ವಾರಾತು. ನಿನ್ನೆ ರಾತ್ರಿ ಯಾರು ಹಾಡು ಕೇಳ್ಯಾರ?"

ಪಕೀರಪ್ಪ ಊಟ ಮುಗಿಸಿದವನೇ ಬಾನೆಟ್ಟು ಎತ್ತಿಟ್ಟು ಕುಳಿತ. ಎಲ್ಲ ಆರಿಸಿ ಬ್ಯಾಟರಿಯ ವೈರು ಬಿಚ್ಚಿ ಮತ್ತೆ ಮುಟ್ಟಿಸಿದರೆ ಚಿಟ್ಟನೆ ಕಿಡಿ ಹಾರಿತು. ಯಾವುದೋ ಒಂದು ಕರೆಂಟು ಕದ್ದು ಕುಡಿಯುತ್ತಿತ್ತು. ಹಾರ್ನು, ದೀಪ, ವೈಪರು ಹೀಗೆ ಒಂದೊಂದನ್ನೇ ಬಿಚ್ಚಿ ಕಿಡಿ ನಿಂತೀತೇ ಎಂದು ನೋಡಿದ. ತಪ್ಪಿಲ್ಲವೆಂದು ಕಂಡದ್ದನ್ನು ಮತ್ತೆ ಜೋಡಿಸಿದ. ಹೊತ್ತು ಇಳಿಯುವ ವೇಳೆಗೆ ಎಂಜಿನ್ನು ತಣ್ಣಗಾಗಿತ್ತು. ಆಸರೆಗೆಂದು ಕೈಯೂರಿದ ಡೈನಮೊ ಮಾತ್ರ ಜ್ವರ ಬಂದವರ ಮೈಯಂತೆ ಬಿಸಿ. ಓಡುವಾಗ ಬ್ಯಾಟರಿಗೆ ತುಂಬಬೇಕಾದದ್ದು, ನಿಂತಾಗ ಅದನ್ನೇ ಹೀರುತ್ತಿತ್ತು. ಎಂಜಿನ್ನು ನಿಂತೊಡನೆ ಇವೆರಡರ ನಂಟು ಕಡಿಯಬೇಕಾದ ಕಟೌಟಿನ ಮುಚ್ಚಳ ತೆಗೆದರೆ, ಒಳಗಿನ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು.

ಹೊಸ ಕಟೌಟು ಕೂರಿಸಿದ ಮರುಬೆಳಗ್ಗೆ ಗಾಡಿ ಚಾವಿಯ ಒಂದೇ ತಿರುವಿಗೆ ಎದ್ದಿತು. ಪಕೀರಪ್ಪ ನೇರ ಪಾಮನಕಲ್ಲೂರಿಗೆ ಹೋದ. ಹೊಲದ ಬದುವಿನಲ್ಲಿ ಗದ್ದೆಪ್ಪ ತೊಗರಿ ಕೊಯ್ಯುತ್ತಿದ್ದ. ತಪ್ಪಾಯಿತೆಂಬ ಮಾತು ಪಕೀರಪ್ಪನ ನಾಲಗೆಗೆ ಅಭ್ಯಾಸವಿರಲಿಲ್ಲ. ಕಟೌಟು ಕೆಟ್ಟಿತ್ತೆಂದು, ಈಗ ಸರಿಹೋಯಿತೆಂದು, ಮಿಲ್ಲಿನವರು ವಿಚಾರಿಸುತ್ತಿದ್ದರೆಂದು ಸುತ್ತಿ ಬಳಸಿ ಹೇಳಿದ. ಗದ್ದೆಪ್ಪ ಕುಡುಗೋಲು ಕೆಳಗಿಡದೆ ಕೇಳಿಸಿಕೊಂಡ.

"ಗಾಡಿದು ಗೊತ್ತಾತು, ಬೇಸಾತು. ನಾಳೆ ಮನ್ಯಾಗ ಮತ್ತೇನರ ಕಳದ್ರ, ಮಾವ, ಮೊದಲ ಯಾರ ಕಡೆ ನೋಡ್ತಿ?"

ಪಕೀರಪ್ಪ ಒಬ್ಬನೇ ಗಾಡಿ ಹತ್ತಿ ಮಸ್ಕಿಗೆ ಮರಳಿದ. ಆಮೇಲೆ ಗದ್ದೆಪ್ಪ ಹಬ್ಬಗಳಿಗೆ ಬರುತ್ತಿದ್ದ, ಅಕ್ಕನ ಕೈಯಡುಗೆ ಉಣ್ಣುತ್ತಿದ್ದ, ಮಾವನೊಡನೆ ಮಳೆಬೆಳೆಯ ಮಾತಾಡುತ್ತಿದ್ದ. ಎಷ್ಟು ಒತ್ತಾಯಿಸಿದರೂ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದ. ಅಂಗಳದ ಹೊರಸಿನ ಮೇಲೆ ಮತ್ತೆಂದೂ ಮಲಗಲಿಲ್ಲ.

ಸಂಶಯದ ಜನ ಯಂತ್ರದ ಮುಂದೆ ಕುಳಿತಾಗ ಅವರಷ್ಟು ನ್ಯಾಯವಂತರಿಲ್ಲ. ಪ್ರತಿ ತಂತಿಯನ್ನೂ ಅನುಮಾನಿಸುತ್ತಾರೆ, ನಿರ್ದೋಷಿಯೆಂದು ಕಂಡೊಡನೆ ಅದರ ಸ್ಥಾನಕ್ಕೆ ಮರಳಿ ಸೇರಿಸುತ್ತಾರೆ. ಮನುಷ್ಯರನ್ನೂ ಹಾಗೆಯೇ ಬಿಚ್ಚಿ ಜೋಡಿಸಬಹುದೆಂದು ಅವರು ಕೊನೆಯವರೆಗೂ ನಂಬಿರುತ್ತಾರೆ. ಬಿಚ್ಚುವುದಷ್ಟೇ ತಮ್ಮ ಕೈಯಲ್ಲಿತ್ತು, ಮರಳಿ ಬಂದು ಸೇರುವುದು ಅವರವರ ಇಚ್ಛೆಯಾಗಿತ್ತು ಎಂದು ತಿಳಿಯುವಷ್ಟರಲ್ಲಿ ಅಂಗಳ ಖಾಲಿಯಾಗಿರುತ್ತದೆ.